ಪಂಪಿನ ಮೇಲಿನ ಕುಂಕುಮ

"ಮುಟ್ಟಬೇಡಿ!"

ಲೀಲಮ್ಮ ಕೂಗಿದ ರಭಸಕ್ಕೆ ಭೋಜರಾಜನ ಕೈ ಅಲ್ಲೇ ನಿಂತಿತು. ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ಎರಡು ಹನಿ ನೀರು ಷೆಡ್ಡಿನ ಸಿಮೆಂಟು ನೆಲದ ಮೇಲೆ ಬಿತ್ತು.

"ಎಂತದು ಮಾರಾಯ್ರೆ, ಹೀಗೆ ಕೂಗುದಾ? ಎದೆ ಧಸಕ್ ಅಂತು. ಪಂಪಿನ ಮೇಲೆ ಧೂಳು ಕೂತಿದೆ, ಒರೆಸುವ ಅಂತ ಬಂದೆ ಅಷ್ಟೆ."

"ಒರೆಸೋದು ಆಮೇಲೆ ಇದ್ದೇ ಇದೆ. ಬಟ್ಟೆ ಕೆಳಗಿಡಿ. ಎರಡು ಹೆಜ್ಜೆ ಹಿಂದೆ ಬನ್ನಿ."

ಕಲ್ಲುಕುಪ್ಪಂ ಬೋಟ್ ಕ್ಲಬ್ಬಿನ ಮ್ಯಾನೇಜರು, ಹತ್ತು ಆಳುಗಳನ್ನು ಕಣ್ಸನ್ನೆಯಲ್ಲೇ ಕುಣಿಸುವ ಮನುಷ್ಯ, ಮರುಮಾತಿಲ್ಲದೆ ಹಿಂದೆ ಸರಿದ. ಸರಿಯದೆ ಏನು ಮಾಡುತ್ತಾನೆ? ಮೂವತ್ಮೂರು ವರ್ಷ ವಿಮಾ ಕಂಪನಿಯಲ್ಲಿ ಕೂತು ಹಡಗಿನ ಸರಕಿನ ಕ್ಲೇಮುಗಳನ್ನು ಜಾಲಾಡಿ ನಿವೃತ್ತರಾದ ಹೆಂಗಸು ಅವರು. ಮದ್ರಾಸು ಬಂದರಿನ ಎಂತೆಂಥ ಗೋದಾಮಿನವರು ಅವರೆದುರು ಬೆವರು ಒರೆಸಿಕೊಂಡಿದ್ದರೋ.

ಲೀಲಮ್ಮ ಕನ್ನಡಕ ಸರಿಮಾಡಿಕೊಂಡು ಪಂಪಿನ ಹತ್ತಿರ ಬಗ್ಗಿದರು.

ಬೋಟುಗಳ ತಳ ತೊಳೆಯುವ ಪ್ರೆಶರ್ ಪಂಪು ಅದು. ಮೋಟರಿನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಗಂಧ, ಗಂಧದ ಮೇಲೆ ಕುಂಕುಮ. ನೀರು ಚಿಮ್ಮುವ ಮೂತಿಗೂ ಒಂದು ಬೊಟ್ಟು. ಆಯುಧಪೂಜೆಯ ದಿನ ಸುತ್ತಿದ ಚೆಂಡುಹೂವಿನ ಮಾಲೆ ಒಣಗಿ, ಮುಟ್ಟಿದರೆ ಉದುರುವ ಹಾಗಿತ್ತು. ಮಾಲೆಗೂ ಗೋಡೆಯ ಮೊಳೆಗೂ ನಡುವೆ ಜೇಡವೊಂದು ನೆಮ್ಮದಿಯಾಗಿ ಸಂಸಾರ ಹೂಡಿತ್ತು.

"ಆಯುಧಪೂಜೆ ಅಕ್ಟೋಬರ್ ನಾಲ್ಕಕ್ಕೆ ಆಯ್ತು. ಇವತ್ತು ಡಿಸೆಂಬರ್ ಹದಿನೇಳು" ಅಂದರು ಲೀಲಮ್ಮ. "ನಿಮ್ಮ ರಿಜಿಸ್ಟರಲ್ಲಿ ಆಮೇಲಿಂದ ಹದಿನಾಲ್ಕು ಬೋಟು ಈ ಪಂಪಲ್ಲಿ ತೊಳೆದಿದೀವಿ ಅಂತ ಬರೆದಿದೀರಿ. ಹದಿನಾಲ್ಕು ಸಲ ನೀರು ಎರಚಿದ ಮೂತಿ ಮೇಲೆ ಕುಂಕುಮ ಹೇಗ್ರೀ ಉಳೀತು?"

"ಅದು... ನಮ್ಮ ಹುಡುಗರಿಗೆ ಭಕ್ತಿ ಜಾಸ್ತಿ. ತೊಳೆದಾದ ಮೇಲೆ ಮತ್ತೆ ಇಡ್ತಾರೆ."

"ಜೇಡಕ್ಕೂ ಭಕ್ತಿ ಜಾಸ್ತಿಯೋ?"

ಭೋಜರಾಜ ಆಗ ಜೇಡರ ಬಲೆಯ ಕಡೆ ನೋಡಿದ.

ಲೀಲಮ್ಮ ಮುಖದಲ್ಲಿ ಏನೂ ತೋರಗೊಡಲಿಲ್ಲ. ಹದಿನೈದು ದಿನದಿಂದ ಕಣ್ಣಿಗೆ ನಿದ್ದೆ ಹತ್ತದೆ ಹುಡುಕುತ್ತಿದ್ದ ವಸ್ತು ಇದೇ ಆಗಿತ್ತು.

ಕ್ಲಬ್ಬಿನ ಬೋಟ್ ಕೊಳದಲ್ಲಿ ಎಲ್ಲಿಂದಲೋ ಬಂದ ಕಪ್ಪುಪಟ್ಟೆ ಚಿಪ್ಪು ಕಾಣಿಸಿಕೊಂಡು ಹದಿನೈದು ದಿನವಾಗಿತ್ತು. ಬೆರಳ ತುದಿಯಷ್ಟಿನ ಪುಟ್ಟ ಜೀವ, ಆದರೆ ಅದರ ಹಾವಳಿ ಕೇಳಬೇಡಿ. ದೂರದ ಕಡಲಿನದು. ದೋಣಿಯ ತಳಕ್ಕೋ ಹಗ್ಗಕ್ಕೋ ಅಂಟಿಕೊಂಡು ಬಿಟ್ಟಿ ಸವಾರಿ ಮಾಡುತ್ತದೆ. ಒಂದು ಸಲ ಹೊಸ ನೀರಿಗೆ ಇಳಿಯಿತೋ, ಕಂಬ, ಕೊಳವೆ, ಬಂಡೆ ಯಾವುದನ್ನೂ ಬಿಡುವುದಿಲ್ಲ. ಊರಿನ ಚಿಪ್ಪುಗಳ ಮೇಲೆ ಹತ್ತಿ ಕೂತು ಅವುಗಳ ಉಸಿರು ಕಟ್ಟಿಸುತ್ತದೆ. ಅದನ್ನು ಕೊಲ್ಲಲು ಕೊಳದ ಬಾಗಿಲು ಮುಚ್ಚಿ, ಲಾರಿಗಟ್ಟಲೆ ಬ್ಲೀಚಿಂಗ್ ಪುಡಿ ಸುರಿದಿದ್ದರು. ಚಿಪ್ಪು ಸತ್ತಿತು. ಜೊತೆಗೆ ಕೊಳದ ಮೀನು, ಸೀಗಡಿ, ಏಡಿ ಎಲ್ಲವೂ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು.

ಅದರ ಪಾಪವೆಲ್ಲ ಒಂದು ಸಹಿಯ ಮೇಲೆ ಬಂದು ಕೂತಿತ್ತು. ಬೇರೆ ಬಂದರಿನಿಂದ ಬಂದ 'ಜಲಪ್ರಿಯ' ಅನ್ನುವ ಬೋಟು ತೊಳೆದು ಸ್ವಚ್ಛವಾಗಿದೆ, ನೀರಿಗೆ ಇಳಿಸಬಹುದು ಎಂದು ಸಹಿ ಹಾಕಿದವಳು ಕಡಲ ಜೀವಿಗಳ ಪ್ರಯೋಗಾಲಯದ ಸಂಶೋಧಕಿ ನೀರಜಾ. ಲೀಲಮ್ಮನ ತಂಗಿಯ ಮಗಳು. ಆರನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡು ಅಣ್ಣಾ ನಗರದ ಮನೆಗೆ ಬಂದ ಕೂಸು. ದೊಡ್ಡಮ್ಮನೇ ಜಡೆ ಹೆಣೆದು, ಬೈದು, ಓದಿಸಿ ದೊಡ್ಡದು ಮಾಡಿದ್ದರು. ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರಯೋಗಾಲಯದ ಮುಖ್ಯಸ್ಥ ಅಂದಾನಿಯವರ ಮುಂದೆ ವಿಚಾರಣೆ. ತಪ್ಪು ನೀರಜಾಳದೇ ಎಂದಾದರೆ ಕೆಲಸವೂ ಹೋಯಿತು, ಹೆಸರೂ ಹೋಯಿತು.

"ನಿಜ ಹೇಳಿ" ಅಂದರು ಲೀಲಮ್ಮ.

ಭೋಜರಾಜ ಅಲ್ಲಿದ್ದ ಪೇಂಟಿನ ಡಬ್ಬದ ಮೇಲೆ ಕುಸಿದು ಕೂತ. "ಎಂತ ಹೇಳುದು ಲೀಲಮ್ಮನವರೇ. ತೊಳೀಲಿಲ್ಲ. ಒಂದನ್ನೂ ತೊಳೀಲಿಲ್ಲ. ತೊಳೀಲಿಕ್ಕೆ ಸಿಹಿನೀರು ಬೇಕು. ಈ ವರ್ಷ ಊರಲ್ಲಿ ನೀರು ಎಲ್ಲುಂಟು? ಮೂರು ದಿನಕ್ಕೊಂದು ಟ್ಯಾಂಕರ್. ಆಳುಗಳು ಕುಡಿಯುದಾ, ಬೋಟಿಗೆ ಸ್ನಾನ ಮಾಡಿಸುದಾ?"

"ಮತ್ತೆ ನೀರಜಾ ಬಂದು ನೋಡ್ದಾಗ 'ಜಲಪ್ರಿಯ'ದ ತಳ ಒದ್ದೆಯಾಗಿತ್ತಲ್ಲ?"

"ಹತ್ತು ಬಕೆಟ್ ಕಡಲ ನೀರು ಎರಚಿಸಿದೆ. ಹುಡುಗಿ ನಂಬಿತು. ಪಾಪ."

ಪಾಪವಂತೆ! ಲೀಲಮ್ಮನಿಗೆ ಅವನ ಕೆನ್ನೆಗೆ ಒಂದು ಬಿಡೋಣ ಅನಿಸಿತು. ಬಿಡಲಿಲ್ಲ. ಚೀಲದಿಂದ ಬಿಳಿ ಹಾಳೆ, ಪೆನ್ನು ತೆಗೆದು ಕೊಟ್ಟರು.

"ಇಷ್ಟನ್ನೂ ಬರೀರಿ. ಬಕೆಟ್ ಲೆಕ್ಕ ಸಮೇತ. ಕೆಳಗೆ ಸಹಿ."

ಅವನು ಬರೆದ. ಅಕ್ಷರ ಮುತ್ತಿನ ಹಾಗಿತ್ತು. ಲೀಲಮ್ಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು. ನೀರಜಾಳ ಕೆಲಸ ಉಳಿಯಿತು. ಹುಡುಗಿ ಇವತ್ತು ನಸುಕಿನಲ್ಲೇ, ಧನುರ್ಮಾಸದ ಹುಗ್ಗಿ ಬಿಸಿಯಾಗಿ ಮುಂದಿಟ್ಟರೂ ಒಂದು ಚಮಚ ಬಾಯಿಗಿಡದೆ ಪುಲಿಕಾಟ್ ಸರೋವರಕ್ಕೆ ಕೆಲಸದ ಮೇಲೆ ಹೊರಟಿದ್ದಳು. ರಾತ್ರಿ ಬಂದ ಮೇಲೆ ಈ ಕಾಗದ ತೋರಿಸಿ, ಕೂರಿಸಿಕೊಂಡು ಉಣ್ಣಿಸಬೇಕು.

ಆಫೀಸಿಗೆ ಬಂದು ಲೀಲಮ್ಮ ಒಂದು ಲೋಟ ನೀರು ಕುಡಿದರು. ಭೋಜರಾಜ ಮೇಜಿನ ಹಿಂದೆ ಕೂತು ತಲೆ ಕೆರೆದುಕೊಂಡ.

"ಬರೆದು ಕೊಟ್ಟೆ. ನನ್ನ ಕೆಲಸ ಹೋಗ್ತದೆ, ಹೋಗ್ಲಿ. ಆದ್ರೆ ಒಂದು ಮಾತು. ಚಿಪ್ಪು ಆ ಬೋಟಿಂದ ಬರ್ಲಿಲ್ಲ."

"ಶುರು ಹಚ್ಕೊಂಡ್ರಾ ಇನ್ನೊಂದು ಕಥೆ?"

"ಕಥೆ ಅಲ್ಲ. ಅಲ್ಲಿ ನೋಡಿ."

ಗೋಡೆಯ ಮೇಲೆ ಆಯುಧಪೂಜೆಯ ಗುಂಪು ಫೋಟೋ ಇತ್ತು. ಆಳುಗಳೆಲ್ಲ ಹಣೆಗೆ ಕುಂಕುಮ ಇಟ್ಟುಕೊಂಡು ಸಾಲಾಗಿ ನಿಂತಿದ್ದರು. ಹಿಂದೆ 'ಜಲಪ್ರಿಯ', ಬಾಳೆಕಂದು ಕಟ್ಟಿಸಿಕೊಂಡು, ಇಟ್ಟಿಗೆಗಳ ಮೇಲೆ ಕೂತಿತ್ತು. ತಳ ಒಣಗಿ ಬಿರುಕು ಬಿಟ್ಟಿತ್ತು. ಅದರ ನೆರಳಲ್ಲಿ ಯಾರದೋ ಬನಿಯನ್, ಲುಂಗಿ ಹರವಿದ್ದವು.

"ಆಗಸ್ಟ್ ಇಪ್ಪತ್ತೆಂಟಕ್ಕೆ ಲಾರಿಯಲ್ಲಿ ಬಂತು. ಇಂಜಿನಿನ ಸಾಮಾನು ಬರ್ಲಿಲ್ಲ ಅಂತ ಅಕ್ಟೋಬರ್ ಒಂಬತ್ತರವರೆಗೆ ಬಿಸಿಲಲ್ಲೇ ಕೂತಿತ್ತು. ನಲವತ್ತೆರಡು ದಿನ! ಈ ಮದ್ರಾಸಿನ ಬಿಸಿಲಲ್ಲಿ ಯಾವ ಚಿಪ್ಪು ಬದುಕ್ತದೆ ಹೇಳಿ? ಅದಕ್ಕೇ ತೊಳೆಯುದು ಎಂತಕ್ಕೆ ಅಂತ ಬಿಟ್ಟೆ. ಗೇಟಿನ ರಸೀದಿ ಉಂಟು, ಬೇಕಾದ್ರೆ ನೋಡಿ."

ಲೀಲಮ್ಮ ನೋಡಿದರು. ಎರಡು ಸಲ ನೋಡಿದರು. ಲಾರಿಯವನ ರಸೀದಿ, ಗೇಟಿನ ಮೊಹರು, ಎಲ್ಲವೂ ಸರಿಯಾಗಿತ್ತು. ಒದ್ದೆಯಲ್ಲಿ ಆ ಚಿಪ್ಪು ಎಷ್ಟೋ ದಿನ ಬದುಕುತ್ತದೆ, ಒಣಗಿದರೆ ವಾರವೂ ಬಾಳುವುದಿಲ್ಲ ಎಂದು ನೀರಜಾಳೇ ಹೇಳಿದ್ದಳು.

ಹಾಗಾದರೆ ಬಂದದ್ದು ಎಲ್ಲಿಂದ?

ಅಷ್ಟರಲ್ಲಿ ಬಾಗಿಲಲ್ಲಿ ಏಳುಮಲೈ ಕಾಣಿಸಿಕೊಂಡ. ಕ್ಲಬ್ಬಿನ ಮುಳುಗುಗಾರ. ಐವತ್ತರ ಹತ್ತಿರದ, ಒಣಕಲು ಮೈಯ ಮನುಷ್ಯ. ಇವತ್ತು ಮಾತ್ರ ನೀರಿಂದ ಎದ್ದವನೇ ಹೊಸ ಬಿಳಿ ಅಂಗಿ ತೊಟ್ಟು, ಹಣೆಗೆ ಚಂದನ ಇಟ್ಟಿದ್ದ. ಕೈಯಲ್ಲಿ ಒಂದರ ಮೇಲೊಂದು ಡಬ್ಬಿ ಕೂರುವ, ನಾಲ್ಕು ಅಡುಕಿನ ಊಟದ ಕ್ಯಾರಿಯರ್.

"ಬೆಳಿಗ್ಗೆ ನೀವು ಕೇಳಿದ ಸತ್ತ ಚಿಪ್ಪು ತಂದಿದೀನಿ ಅಮ್ಮಾ" ಎಂದ ತಮಿಳಿನಲ್ಲಿ. "ಕೊಳದ ಒಂದೊಂದು ಮೂಲೆಯದು ಒಂದೊಂದು ಅಡುಕಲ್ಲಿ. ಇನ್ನು ನಾನು ಹೊರಡಲಾ? ಹೊತ್ತಾಯಿತು."

"ಇವನಿಗೆ ಇವತ್ತು ಕಾಲು ನೆಲದ ಮೇಲೆ ನಿಲ್ಲುದಿಲ್ಲ" ಎಂದ ಭೋಜರಾಜ, ಆ ಸಂಕಟದಲ್ಲೂ ಸ್ವಲ್ಪ ನಕ್ಕು. "ಮೂವತ್ತು ವರ್ಷ ಬೇರೆಯವರ ಬೋಟಿನ ತಳ ಕೆರೆದವ. ಈಗ ಸ್ವಂತದ್ದು ತಗೊಂಡ. ಇವನ ಊರು ಸಿಪ್ಪಿಕುಪ್ಪದಲ್ಲಿ ಇವತ್ತು ನೀರಿಗೆ ಇಳಿಸ್ಲಿಕ್ಕುಂಟು."

"ಒಳ್ಳೇದಾಗಲಿ ಕಣಪ್ಪ. ಒಂದೇ ನಿಮಿಷ ಇರು" ಎಂದರು ಲೀಲಮ್ಮ. "ಯಾವ ಅಡುಕು ಯಾವ ಮೂಲೇದು ಅಂತ ನೀನೇ ತೋರಿಸ್ಬೇಕು."

ಏಳುಮಲೈ ಗಡಿಯಾರ ನೋಡಿದ. ಹತ್ತೂ ಮುಕ್ಕಾಲು. ಇಲ್ಲ ಎನ್ನಲಾರದೆ ನಿಂತ.

ಮೂಲೆಯಲ್ಲಿದ್ದ ಕೇರಂ ಬೋರ್ಡನ್ನು ಲೀಲಮ್ಮ ಮೇಜಿನ ಮೇಲೆ ಎಳೆದುಕೊಂಡರು. ಬೋರ್ಡೇ ಕೊಳ, ನಾಲ್ಕು ತೂತುಗಳೇ ನಾಲ್ಕು ಮೂಲೆ. ಏಳುಮಲೈ ಹೇಳಿದ ಹಾಗೆ ಒಂದೊಂದು ಅಡುಕಿನ ಸತ್ತ ಚಿಪ್ಪುಗಳನ್ನು ಅದರದರ ಮೂಲೆಯಲ್ಲಿ ಸುರಿದರು. ಬ್ಲೀಚಿಂಗ್ ಪುಡಿಯ ಘಾಟು ಆಫೀಸು ತುಂಬಿತು.

ಕ್ಲೇಮು ನೋಡುವ ಕೆಲಸದಲ್ಲಿ ಲೀಲಮ್ಮ ಮೊದಲು ಕಲಿತ ಪಾಠ ಒಂದೇ. ಹಡಗಿನಲ್ಲಿ ಸಕ್ಕರೆ ಮೂಟೆ ನೆನೆದಿದ್ದರೆ, ನೀರು ಎಲ್ಲಿಂದ ನುಗ್ಗಿತು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಎಲ್ಲಕ್ಕಿಂತ ಹೆಚ್ಚು ಕೊಳೆತ ಮೂಟೆ ಹುಡುಕಬೇಕು. ಮೊದಲು ನೆನೆದದ್ದು ಅದೇ. ತೂತು ಅದರ ಪಕ್ಕದಲ್ಲೇ ಇರುತ್ತದೆ.

ದಕ್ಷಿಣದ ಮೂಲೆಯಲ್ಲಿ, 'ಜಲಪ್ರಿಯ' ನಿಲ್ಲುವ ಕಡೆ, ಚಿಪ್ಪು ಹೆಸರುಕಾಳಿನಷ್ಟಿತ್ತು. ಪೂರ್ವಕ್ಕೂ ಪಶ್ಚಿಮಕ್ಕೂ ಅವರೆಕಾಳಿನಷ್ಟು. ಉತ್ತರದ ಮೂಲೆಯದು ಹುಣಸೆಬೀಜದಷ್ಟು ದಪ್ಪಗೆ, ಒಂದರ ಮೇಲೊಂದು ಗೊಂಚಲು ಕಟ್ಟಿತ್ತು.

"ಇವೇ ಹಿರಿಯರು" ಎಂದು ಲೀಲಮ್ಮ ಗೊಂಚಲನ್ನು ಬೆರಳಲ್ಲಿ ತಟ್ಟಿದರು. "ಮೊದಲು ಬಂದು ಕೂತಿದ್ದು ಉತ್ತರದಲ್ಲಿ. ಅಲ್ಲಿ ಯಾರ ಬೋಟ್ ಕಟ್ತೀರಿ?"

"ಅಲ್ಲಿ ಬೋಟೇ ಕಟ್ಟುದಿಲ್ಲ. ಆಳ ಇಲ್ಲ."

"ಬೋಟಿಲ್ದೇ ಇದ್ರೆ ಇನ್ನೇನಿತ್ತು?"

ಭೋಜರಾಜ ತಡೆದು ಹೇಳಿದ. "ಬೇರೆ ಎಂತ ಇಲ್ಲ. ನಿಮ್ಮ ನೀರಜಾ ಆಗಸ್ಟಲ್ಲಿ ಇಳಿಬಿಟ್ಟ ಪರೀಕ್ಷೆಯ ಹಲಗೆಗಳು. ಹಗ್ಗಕ್ಕೆ ಕಟ್ಟಿ, ಯಾವ್ಯಾವ ಜೀವ ಅಂಟ್ತದೆ ನೋಡ್ಲಿಕ್ಕೆ. ಮೂರು ಚೀಲ ತಂದಿದ್ಲು. ನೀಲಿ ನೈಲಾನ್ ಹಗ್ಗ."

ಲೀಲಮ್ಮನ ಬೆರಳು ಚಿಪ್ಪಿನ ಮೇಲೇ ನಿಂತಿತು.

ಮೂರು ಚೀಲವಲ್ಲ. ಆರು. ಮನೆಗೆ ಬಂದದ್ದು ಆರು ಗೋಣಿಚೀಲ.

ವರಮಹಾಲಕ್ಷ್ಮಿಯ ದಿನ. ಟ್ಯಾಂ‌ಕರ್ ಬಂದು ನಾಲ್ಕು ದಿನವಾಗಿತ್ತು. ಪಶ್ಚಿಮದ ಯಾವುದೋ ಬಂದರಿನಲ್ಲಿ ಕೆಲಸ ಮುಗಿಸಿ ನೀರಜಾ ರೈಲಿಂದ ಇಳಿದು ನೆಟ್ಟಗೆ ಮನೆಗೆ ಬಂದಿದ್ದಳು, ಅಲ್ಲಿನ ಕಡಲಿಂದ ಎತ್ತಿದ ಹಗ್ಗ ತುಂಬಿದ, ನೀರು ಸೋರುವ ಆರು ಚೀಲಗಳ ಸಮೇತ. ಕೊಳೆತ ಮೀನಿನ ನಾತ. ನಡುಮನೆಯಲ್ಲಿ ಕಳಶ ಕೂರಿಸುವ ಹೊತ್ತು.

"ದೊಡ್ಡಮ್ಮ, ಎರಡು ಡ್ರಮ್ ಸಿಹಿನೀರು ಬೇಕು. ಹಗ್ಗ ಎಲ್ಲ ತೊಳ್ದು ಮಹಡಿ ಮೇಲೆ ಏಳು ದಿನ ಒಣಗಿಸ್ಬೇಕು. ಅದು ರೂಲು."

"ಇರೋದು ಆರು ಕೊಡ ನೀರು! ಅದ್ರಲ್ಲಿ ಕಳಶ ಇಡ್ಲೋ, ನಿನ್ನ ಹಗ್ಗಕ್ಕೆ ಅಭಿಷೇಕ ಮಾಡ್ಲೋ? ಮುತ್ತೈದೆಯರು ಬರೋ ಹೊತ್ತಲ್ಲಿ ಮಹಡಿ ಮೇಲೆ ಆ ನಾತ ಹರಡ್ತೀಯಾ? ಚೀಲದ ಬಾಯಿ ಬಿಗಿದು ಬಚ್ಚಲಲ್ಲಿಡು."

ಹುಡುಗಿ ಎದುರಾಡಲಿಲ್ಲ. ಯಾವತ್ತು ಎದುರಾಡಿದ್ದಳು? ಚೀಲಗಳು ಮೂರು ದಿನ ಬಚ್ಚಲಿನ ತಂಪಿನಲ್ಲಿ ಒದ್ದೆಯಾಗಿಯೇ ಕೂತಿದ್ದವು. ಸೋಮವಾರ ಬೆಳಿಗ್ಗೆ ಪ್ರಯೋಗಾಲಯದ ಜೀಪು ಬಂದು ಹೇರಿಕೊಂಡು ಹೋಯಿತು. ಹೋಗುವಾಗ ನೀರಜಾ ಏನೋ ಹೇಳಲು ಬಾಯಿ ತೆರೆದಿದ್ದಳು. ಲೀಲಮ್ಮ ಬಚ್ಚಲಿಗೆ ಫಿನಾಯಿಲು ಹಾಕುವ ಗಡಿಬಿಡಿಯಲ್ಲಿದ್ದರು.

"ಲೀಲಮ್ಮನವರೇ, ಎಂತಾಯ್ತು? ಬಿಳಿಚಿಕೊಂಡ್ರಿ" ಎಂದ ಭೋಜರಾಜ.

ಆಳುಗಳು ಕುಡಿಯುದಾ, ಬೋಟಿಗೆ ಸ್ನಾನ ಮಾಡಿಸುದಾ ಎಂದು ಕೇಳಿದ್ದವನ ಕೆನ್ನೆಗೆ ಬಿಡೋಣ ಅನಿಸಿತ್ತಲ್ಲ, ಆ ಮಾತನ್ನು ಇವನಿಗಿಂತ ಮೊದಲು ಆಡಿದವರು ತಾವೇ. ಲೀಲಮ್ಮನಿಗೆ ನಾಚಿಕೆಯಿಂದ ಮೈ ಕುಗ್ಗಿತು. ಮೂವತ್ಮೂರು ವರ್ಷ ಊರವರ ತಪ್ಪು ಹಿಡಿದ ಜಾಣೆ! ಕಳ್ಳನನ್ನು ಹುಡುಕಿಕೊಂಡು ಬಂದ ದಾರಿ ಅಣ್ಣಾ ನಗರದ ತಮ್ಮ ಬಚ್ಚಲಿಗೇ ಹೋಗಿ ನಿಂತಿತ್ತು.

ಆಮೇಲೆ ಇನ್ನೊಂದು ನೆನಪು ಬಂತು.

ಇವತ್ತು ನಸುಕಿನಲ್ಲಿ ನೀರಜಾಳ ಜೀಪಿನ ಹಿಂದೆ ಗೋಣಿಚೀಲಗಳಿದ್ದವು. ಮೂರು. ಲೀಲಮ್ಮ ಕಣ್ಣಾರೆ ಕಂಡಿದ್ದರು. ಈ ಕೊಳದಿಂದ ಎತ್ತಿದ ಅದೇ ಹಗ್ಗಗಳೇನಾದರೂ ಅದರಲ್ಲಿದ್ದರೆ? ಅದನ್ನು ಪುಲಿಕಾಟಿನ ನೀರಿಗೆ ಇಳಿಸಿಬಿಟ್ಟರೆ? ಈ ಕೊಳಕ್ಕೆ ಒಂದು ಬಾಗಿಲಿತ್ತು, ಮುಚ್ಚಿದರು. ಅಷ್ಟು ದೊಡ್ಡ ಸರೋವರಕ್ಕೆ ಯಾರು ಬಾಗಿಲು ಮುಚ್ಚುತ್ತಾರೆ? ಎಷ್ಟು ಊರು, ಎಷ್ಟು ಒಲೆ ಆ ನೀರಿನ ಮೇಲೆ ಉರಿಯುತ್ತವೆ.

ಹನ್ನೊಂದರ ಸುಮಾರಿಗೆ ನೀರಿನ ಮೇಲೆ ಇರುತ್ತೇನೆ ಎಂದಿದ್ದಳು ಹುಡುಗಿ. ಗಡಿಯಾರದಲ್ಲಿ ಹನ್ನೊಂದಕ್ಕೆ ಐದು ನಿಮಿಷ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ ಅಂತ ದಂಡೆಯ ಮೇಲಿನ ಎಸ್‌ಟಿಡಿ ಬೂತಿನ ನಂಬರು ಬರೆದು ಕೊಟ್ಟಿದ್ದಳು. ಫೋನು ಭೋಜರಾಜನ ಮೇಜಿನ ಮೇಲಿತ್ತು. ಹೊರಗಿನ ಬೂತಿಗೆ ಕಾಲು ಗಂಟೆ ನಡಿಗೆ.

ಇಲ್ಲಿಂದ ಮಾತಾಡಿದರೆ ಇವನು ಪ್ರತಿಯೊಂದು ಮಾತನ್ನೂ ಕೇಳುತ್ತಾನೆ. ನಾಳೆ ವಿಚಾರಣೆಯಲ್ಲಿ ಹೇಳುತ್ತಾನೆ. ಬಾಯಿ ಮುಚ್ಚಿಕೊಂಡು, ಚೀಲದಲ್ಲಿರುವ ಕಾಗದ ಅಂದಾನಿಯವರ ಕೈಗೆ ಕೊಟ್ಟರೆ ಸಾಕು, ನೀರಜಾ ಬಚಾವು. ಚೀಲದ ಹಿಡಿಯನ್ನು ಲೀಲಮ್ಮ ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬೆರಳು ನೋಯುತ್ತಿತ್ತು.

"ಫೋನ್ ಇತ್ಲಾಗೆ ಕೊಡಿ" ಅಂದರು.

ರಿಂಗಾಯಿತು. ಎಂಟು ಸಲ ರಿಂಗಾದ ಮೇಲೆ ಬೂತಿನ ಕೌಸಲ್ಯಾ ಎತ್ತಿಕೊಂಡಳು.

"ನೀರಜಾನ ಕರೀಮ್ಮ!" ಲೀಲಮ್ಮ ತಮಿಳಿನಲ್ಲಿ ಕಿರುಚಿದರು. "ಹಗ್ಗ ನೀರಿಗೆ ಬಿಡ್ಬೇಡ ಅನ್ನು. ಹಗ್ಗದಲ್ಲೇ ಚಿಪ್ಪು ಬಂದಿದ್ದು, ಬೋಟಲ್ಲಲ್ಲ ಅನ್ನು. ಓಡು ತಾಯಿ!"

ಭೋಜರಾಜ ಮೆಲ್ಲಗೆ ಎದ್ದು ನಿಂತ. ಅವನಿಗೆ ಅರ್ಥವಾಗಿತ್ತು. ಮುಖದ ಮೇಲೆ ಮೊದಲು ಬಂದದ್ದು ಸಂತೋಷ. ಲೀಲಮ್ಮನ ಕಡೆ ನೋಡಿದ ಮೇಲೆ ಅದೂ ಹೋಯಿತು.

ಲೈನಿನಲ್ಲಿ ಗಾಳಿಯ ಸದ್ದು, ಕಾಗೆಗಳ ಸದ್ದು. ಐದು ನಿಮಿಷ. ಎಂಟು ನಿಮಿಷ. ಏಳುಮಲೈ ಬಾಗಿಲಲ್ಲಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಅವನನ್ನು ಹೊರಡು ಎನ್ನಬೇಕೆಂಬುದೂ ಯಾರಿಗೂ ಹೊಳೆಯಲಿಲ್ಲ.

"ದೊಡ್ಡಮ್ಮ?"

"ಇಳಿಸ್ಬಿಟ್ಯಾ? ಹೇಳೇ, ಇಳಿಸ್ಬಿಟ್ಯಾ?"

"ಇಲ್ಲ ದೊಡ್ಡಮ್ಮ. ಚೀಲ ಖಾಲಿ. ನಾನು ಇಳಿಸಕ್ಕೆ ಬಂದಿಲ್ಲ, ಎತ್ತಕ್ಕೆ ಬಂದೆ."

ಲೀಲಮ್ಮ ಕುರ್ಚಿ ಹಿಡಿದು ಕೂತರು.

"ಆಗಸ್ಟಲ್ಲೇ ಮೂರು ಕಟ್ಟು ಇಲ್ಲಿಗೂ ಹಾಕಿದ್ವಿ" ನೀರಜಾಳ ಸ್ವರ ಒಡೆದಿತ್ತು. "ತೊಳೀದೆ ಹಾಕಿದ್ದು. ಒಣಗಿದೆ ಅಂತ ಪುಸ್ತಕದಲ್ಲಿ ಟಿಕ್ ಹಾಕಿದ್ದು ನಾನೇ. ಕ್ಲಬ್ಬಲ್ಲಿ ಚಿಪ್ಪು ಬಂದಾಗ ಬೋಟಿಂದ ಅಂದ್ಕೊಂಡೆ, ನಿಜವಾಗ್ಲೂ. ನಿನ್ನೆ ರಾತ್ರಿ ಮಲಗಿದಾಗ ಟಕ್ ಅಂತ ಹೊಳೀತು. ನಿಮ್ಗೆ ಹೇಳಕ್ಕೆ ಬಾಯಿ ಬರ್ಲಿಲ್ಲ. ಹೇಳಿದ್ರೆ ನಿಮ್ಮ ಹೆಸರೂ ಬರತ್ತೆ."

"ಬರ್ಲಿ ಬಿಡೇ!" ಲೀಲಮ್ಮನಿಗೆ ಅಳು ಉಕ್ಕಿ ಬಂತು. "ನನ್ನ ಹೆಸರೇನು ಮೇಲಿಂದ ಬಿದ್ದಿದ್ದಾ? ನಾಳೆ ನಾನೇ ಬರ್ತೀನಿ, ನಾನೇ ಹೇಳ್ತೀನಿ. ಎತ್ತಿದ್ಯಾ ಅದನ್ನ?"

"ಎರಡು ಎತ್ತಿದೆ. ಒಂದ್ರಲ್ಲಿ ಏನೂ ಇಲ್ಲ. ಇನ್ನೊಂದ್ರಲ್ಲಿ ಕಪ್ಪುಪಟ್ಟೆ ಇದೆ ದೊಡ್ಡಮ್ಮ. ತುಂಬಾ ಇದೆ. ಎಲ್ಲಾ ಚೀಲಕ್ಕೆ ಹಾಕಿ ಬಾಯಿ ಕಟ್ಟಿದೀನಿ."

"ಮೂರನೇದು?"

"ಮೂರನೇದು ಇಲ್ಲ. ಹಲಗೆ ಮಾತ್ರ ದಡದಲ್ಲಿ ಬಿದ್ದಿದೆ, ಅದ್ರ ತುಂಬಾ ಚಿಪ್ಪು. ಹಗ್ಗ ಕುಯ್ಕೊಂಡು ಹೋಗಿದಾರೆ. ಇವತ್ತು ಬೆಳಿಗ್ಗೇನೇ. ಕೌಸಲ್ಯಕ್ಕ ನೋಡಿದಾರಂತೆ. ಇಲ್ಲಿಂದ ಒಂದು ಹಳೇ ದೋಣಿ ಮಾರಾಟ ಆಗಿ ಲಾರಿ ಹತ್ತಿತಂತೆ, ಒದ್ದೆ ಬಲೆ ಎಲ್ಲಾ ಒಳಗೆ ಹಾಕ್ಕೊಂಡು. ಕಟ್ಟಕ್ಕೆ ಹಗ್ಗ ಸಾಲ್ಲಿಲ್ಲ ಅಂತ ನಮ್ಮ ನೀಲಿ ಹಗ್ಗ ಎಳ್ಕೊಂಡ್ರಂತೆ. ಲಾರಿ ಎಲ್ಲಿಗೆ ಹೋಯ್ತು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ."

"ನೀಲಿ ಹಗ್ಗದಲ್ಲಿ ದೋಣಿ ಕಟ್ಟಿದ ಲಾರಿ" ಎಂದು ಲೀಲಮ್ಮ ಗಟ್ಟಿಯಾಗಿಯೇ ಅಂದುಕೊಂಡರು, ತಮಿಳಿನಲ್ಲಿ. "ಪುಲಿಕಾಟಿಂದ. ಇವತ್ತು ಬೆಳಿಗ್ಗೆ."

ಬಾಗಿಲಲ್ಲಿ ಏನೋ ಬಿದ್ದ ಸದ್ದಾಯಿತು. ಖಾಲಿ ಕ್ಯಾರಿಯರಿನ ಅಡುಕುಗಳು ನೆಲದ ಮೇಲೆ ಉರುಳುತ್ತಿದ್ದವು.

"ಅಮ್ಮಾ" ಎಂದ ಏಳುಮಲೈ. "ಆ ದೋಣಿ ನನ್ನದು."

ಭೋಜರಾಜ ಕಾರಿನ ಕೀಲಿಕೈ ಕಿತ್ತುಕೊಂಡವನೇ ಮೇಜಿನ ಈಚೆ ಬಂದ. "ಸಿಪ್ಪಿಕುಪ್ಪಕ್ಕೆ ಫೋನ್ ಮಾಡುವ! ಯಾರ ಹತ್ರ ಉಂಟು?"

"ಯಾರ ಹತ್ತಿರವೂ ಇಲ್ಲ. ಇದ್ದ ಒಂದು ಬೂತು ಮುಚ್ಚಿ ಆರು ತಿಂಗಳಾಯಿತು."

"ಕಾರಲ್ಲಿ ಎಷ್ಟು ಹೊತ್ತು?" ಲೀಲಮ್ಮ ಕೇಳಿದರು.

"ಒಂದು ಗಂಟೆ. ಬೇಗ ಹೋದರೆ ಐವತ್ತು ನಿಮಿಷ."

ಗೋಡೆಯ ಗಡಿಯಾರ ಹನ್ನೊಂದೂ ಕಾಲು ದಾಟಿತ್ತು. ಸಿಪ್ಪಿಕುಪ್ಪದ ಅಳಿವೆಯಲ್ಲಿ ಮೊಣಕಾಲು ನೀರಿಗಿಳಿದು ಹೆಂಗಸರು ಚಿಪ್ಪು ಆರಿಸಿ ಸಂಸಾರ ನಡೆಸುತ್ತಾರೆಂದು ಬೆಳಿಗ್ಗೆ ತಾನೇ ಏಳುಮಲೈ ಹೇಳಿದ್ದ. ಅವನ ಹೆಂಡತಿಯೂ ಅವರಲ್ಲೊಬ್ಬಳು.

"ಆದ್ರೆ ನೀನಿಲ್ಲದೆ ಇಳಿಸಲ್ಲ ಅಲ್ವೇನಪ್ಪ?" ಲೀಲಮ್ಮ ಅವನ ಎರಡೂ ಕೈ ಹಿಡಿದುಕೊಂಡರು. "ಯಜಮಾನ ನೀನು. ನಿನಗೆ ಕಾಯ್ತಾರಲ್ವಾ?"

ಏಳುಮಲೈ ಗಡಿಯಾರವನ್ನೇ ನೋಡುತ್ತಿದ್ದ. ಹೊಸ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಇವತ್ತು ಬುಧವಾರ ಅಮ್ಮಾ. ಹನ್ನೆರಡಕ್ಕೆ ರಾಹುಕಾಲ ಶುರು. ನಾನು ಬರೋದು ತಡವಾದರೆ ಕಾಯಬೇಡಿ, ಅದಕ್ಕೆ ಮುಂಚೆ ಇಳಿಸಿಬಿಡಿ ಅಂತ ನಾನೇ ಹೇಳಿ ಬಂದಿದೀನಿ."